ಸೋರದ ಕಾರು: ಹಲಸಿನ ಮೇಣ

"ವಾಲ್ವ್ ತೆಗೆದದ್ದು ನಾನೇ. ಅದಕ್ಕೇನೀಗ?" ಎಂದ ವರ್ಕಿ ಆಶಾನ್, ಕೈಯ ಗ್ರೀಸನ್ನು ಉಟ್ಟ ಮುಂಡಿಗೇ ಒರೆಸಿಕೊಳ್ಳುತ್ತ.

ಕೊಚ್ಚಿಯ ತೋಪ್ಪುಂಪಡಿಯಲ್ಲಿ ಸೇತುವೆ ಇಳಿದ ಕೂಡಲೇ ಅವನ ವರ್ಕ್‌ಶಾಪು. ತೆಂಗಿನ ಗರಿಯ ಚಪ್ಪರ, ಕೆಳಗೆ ಎಣ್ಣೆ ಕುಡಿದು ಕಪ್ಪಾದ ಮರಳು. ಬೆಳಗಿನಿಂದ ಅವನ ಹಿಂದೆ ಬಿದ್ದಿದ್ದೆ. ನನಗೆ ಬೇಕಾಗಿದ್ದದ್ದು ಒಂದೇ ಮಾತು: ಆ ಅಂಬಾಸಿಡರ್ ಕಾರು ನೀರು ಸೋರಿದ್ದು ತನ್ನ ಕೆಲಸದಿಂದ ಎಂದು. ಅವನು ಅಷ್ಟು ಹೇಳಿದರೆ ಡ್ರೈವರ್ ಗಣಪತಿ ಬದುಕುತ್ತಾನೆ. ಹೇಳದಿದ್ದರೆ ನೇಣು.

ಗಣಪತಿ ತಿರುವನಂತಪುರದ ಒಂದು ಕೇಂದ್ರ ಸರ್ಕಾರಿ ಸಂಶೋಧನಾ ಕಚೇರಿಯ ಡ್ರೈವರ್. ಕೊಚ್ಚಿಯಲ್ಲಿ ವರ್ಕಿಯ ಹತ್ತಿರ ಕಾರು ತೋರಿಸಿಕೊಂಡು, ವಿಜ್ಞಾನಿ ಶ್ರೀಕಂಠರನ್ನು ಬಂದರಿನಿಂದ ವಾಪಸು ಕರೆತರುವಾಗ ತೋಟ್ಟಪ್ಪಳ್ಳಿಯ ಹತ್ತಿರ ಎಂಜಿನ್ ಕುದಿಯಿತು, ತಾನು ಡಬ್ಬ ಹಿಡಿದು ನೀರಿಗೆ ಹೋಗಿ ಬರುವಷ್ಟರಲ್ಲಿ ಸಾಹೇಬರು ಇರಲಿಲ್ಲ ಎಂಬುದು ಅವನ ಹೇಳಿಕೆ. ಶ್ರೀಕಂಠರ ಹೆಣ ಅಲ್ಲೇ ಕಾಲುವೆಯಲ್ಲಿ ಸಿಕ್ಕಿತು, ತಲೆ ಒಡೆದು. ಪೋಲೀಸರು ಹೇಳುವುದು ಬೇರೆ. ಈ ಕಾರು ಸೋರುವುದೇ ಇಲ್ಲ. ಎಂಜಿನ್ ಕುದಿಯಲೇ ಇಲ್ಲ. ಕಾರು ನಿಲ್ಲಿಸಿದ್ದು ಕೊಲ್ಲುವುದಕ್ಕೆ.

"ವಾಲ್ವ್ ಯಾಕೆ ತೆಗೆದೆ?" ಎಂದೆ.

"ಈ ಊರಿನಲ್ಲಿ ಯಾವ ಕಾರಿನಲ್ಲಿದೆ ಥರ್ಮೋಸ್ಟಾಟ್ ವಾಲ್ವು? ಅದು ಬಿಳಿಯರ ಊರಿನ ಸಾಮಾನು ಸಾರೇ. ಅಲ್ಲಿ ಹಿಮ ಬೀಳುತ್ತದೆ. ಎಂಜಿನ್ ಬಿಸಿಯಾಗುವ ತನಕ ನೀರನ್ನು ತಡೆದು ನಿಲ್ಲಿಸುವುದಕ್ಕೆ ಒಂದು ಬಾಗಿಲು ಬೇಕು. ಇಲ್ಲಿ ಹಾಸಿಗೆಯಿಂದ ಏಳುವಾಗಲೇ ಬೆವರು. ಬಂದ ಕಾರಿನದ್ದೆಲ್ಲ ಕೀಳುತ್ತೇನೆ. ಕಿತ್ತದ್ದನ್ನು ಕದಿಯುವುದಿಲ್ಲ. ಬಟ್ಟೆಯಲ್ಲಿ ಕಟ್ಟಿ ಡಿಕ್ಕಿಯಲ್ಲಿ ಇಡುತ್ತೇನೆ. ಹೋಗಿ ನೋಡಿ."

"ಮೂತಿ ಮುಚ್ಚುವಾಗ ಹೊಸ ಪ್ಯಾಕಿಂಗ್ ಹಾಕಿದೆಯಾ?"

ಅವನ ಕಣ್ಣು ನನ್ನನ್ನು ಬಿಟ್ಟು ಚಪ್ಪರದ ಕಂಬಕ್ಕೆ ಹೋಯಿತು.

ರೇಡಿಯೇಟರಿನ ಮೇಲಿನ ರಬ್ಬರ್ ಪೈಪು ಎಂಜಿನ್ನಿಗೆ ಸೇರುವಲ್ಲಿ ಬಾಗಿದ ಎರಕದ ಮೂತಿಯೊಂದಿದೆ. ಮೂರು ನಟ್ಟು ಅದನ್ನು ಹಿಡಿದಿರುತ್ತವೆ. ಅದರ ಅಡಿಗೇ ಆ ವಾಲ್ವ್ ಕೂರುವುದು. ಮೂತಿಗೂ ಎಂಜಿನ್ನಿಗೂ ನಡುವೆ ದಪ್ಪ ಕಾಗದದಂಥ ಒಂದು ಪ್ಯಾಕಿಂಗ್. ಮೂತಿ ಬಿಚ್ಚಿದರೆ ಅದು ಹರಿಯುತ್ತದೆ. ಹರಿದದ್ದನ್ನೇ ಮತ್ತೆ ಹಾಕಿ ಬಿಗಿದರೆ ಸ್ವಲ್ಪ ದೂರ ಸುಮ್ಮನಿದ್ದು, ಎಂಜಿನ್ ಕಾದ ಮೇಲೆ ಸೋರುತ್ತದೆ. ಮೈಸೂರು ಪೋಲೀಸಿನ ಮೋಟಾರು ವಿಭಾಗದಲ್ಲಿ ನಾನು ಅರ್ಧ ಆಯುಷ್ಯ ಕಳೆದವನು. ಇದನ್ನು ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ.

"ಹಾಕಿದೆ," ಎಂದ ವರ್ಕಿ.

"ಯಾವುದರಿಂದ ಕತ್ತರಿಸಿದೆ?"

ಕಂಬಕ್ಕೆ ಸುತ್ತಿ ಸಿಕ್ಕಿಸಿದ್ದ ಕಂದು ಹಾಳೆಯೊಂದನ್ನು ತೋರಿಸಿದ. ಎಳೆದು ಬಿಚ್ಚಿ ನೋಡಿದೆ. ಅಂಗಡಿಯಿಂದ ಬಂದ ಹಾಗೇ ನಾಲ್ಕು ಮೂಲೆಯೂ ನೆಟ್ಟಗಿದ್ದವು. ಸುರುಳಿಯ ಒಳಗೆ ಜೇಡ ಮೊಟ್ಟೆ ಇಟ್ಟಿತ್ತು.

"ಈ ಹಾಳೆಗೆ ಕತ್ತರಿಯೇ ಸೋಕಿಲ್ಲವಲ್ಲೋ."

"ಅದು ಹೊಸ ಹಾಳೆ. ಹಳೆಯದು ಮುಗಿಯಿತು."

"ಜೇಡಕ್ಕೆ ಹೇಳು ಅದನ್ನ."

ಅವನ ಅಂಗಿಯ ಕಾಲರಿಗೆ ಕೈ ಹಾಕಿದೆ. ಒಳಗಿನಿಂದ ಇಬ್ಬರು ಸ್ಪ್ಯಾನರ್ ಹಿಡಿದು ಎದ್ದು ಬಂದರು. ವರ್ಕಿಯೇ ಅವರಿಗೆ ಕೂರಿ ಎಂದು ಕೈಸನ್ನೆ ಮಾಡಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು.

"ಸಾರೇ, ನಾನು ಕೋರ್ಟಿಗೆ ಬಂದು ನನ್ನ ಕೆಲಸ ಸೋರಿತು, ಅದರಿಂದ ಕಾರು ನಿಂತಿತು, ಒಬ್ಬ ಸತ್ತ ಎಂದು ಹೇಳಿದರೆ, ನಾಳೆಯಿಂದ ಈ ಚಪ್ಪರದ ಕೆಳಗೆ ಸೈಕಲ್ಲೂ ಬರುವುದಿಲ್ಲ. ನನಗೆ ಮದುವೆಯಾಗದ ಹೆಣ್ಣುಮಕ್ಕಳಿದ್ದಾರೆ."

"ಅವನಿಗೂ ಹೆಂಡತಿ ಇದ್ದಾಳೆ."

"ಇರಲಿ. ಭಾನುವಾರ ಪಳ್ಳಿಯಲ್ಲಿ ಅವನ ಹೆಸರಿನಲ್ಲಿ ಒಂದು ಮೇಣದಬತ್ತಿ ಹಚ್ಚುತ್ತೇನೆ."

ಅವನನ್ನು ಅಲ್ಲೇ ಮರಳಿಗೆ ತಳ್ಳಿ ಹೊರಟೆ. ಮರುದಿನ ನಸುಕಿನ ಬಸ್ಸು ಹಿಡಿದೆ.

ಹೊತ್ತೇರಿದ ಮೇಲೆ ತಿರುವನಂತಪುರದ ತಂಪಾನೂರಿನಲ್ಲಿ ಇಳಿದವನು ಲಾಡ್ಜಿಗೆ ಹೋಗದೆ ನೇರವಾಗಿ ಠಾಣೆಗೆ ನಡೆದೆ. ಹಿತ್ತಲಲ್ಲಿ ಬಾದಾಮಿ ಮರದ ಕೆಳಗೆ ಆ ಕಾರು ನಿಂತಿತ್ತು. ಬಾನೆಟ್ ಎತ್ತಿತ್ತು. ಎಂಜಿನ್ ಓಡುತ್ತಿತ್ತು. ನಾನು ಕೇಳಿಕೊಂಡಿದ್ದ ಪರೀಕ್ಷೆಯನ್ನು ಇನ್ಸ್‌ಪೆಕ್ಟರ್ ಪಣಿಕ್ಕರ್ ನಾನು ಬರುವ ಮೊದಲೇ ಶುರು ಮಾಡಿಸಿದ್ದರು.

ಪಣಿಕ್ಕರ್ ಕೆಟ್ಟ ಮನುಷ್ಯನಲ್ಲ. ಕೈದಿಗಳ ಮೇಲೆ ಕೈ ಮಾಡುವವನೂ ಅಲ್ಲ. ನೋಡಿದ್ದನ್ನು ಮಾತ್ರ ನಂಬುವ ಜಾತಿ. ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಪಕ್ಕದಲ್ಲಿ ಟಿಫಿನ್ ಕ್ಯಾರಿಯರ್ ಹಿಡಿದುಕೊಂಡು ನಿತ್ಯಾನಂದ ನಿಂತಿದ್ದರು.

ನಿತ್ಯಾನಂದ ಗಣಪತಿಯ ಕಚೇರಿಯ ವಾಹನ ವಿಭಾಗದ ಮುಖ್ಯಸ್ಥರು, ಉಡುಪಿ ಕಡೆಯವರು. ಗಣಪತಿಗೆ ಕೆಲಸ ಕೊಡಿಸಿದ್ದು ಅವರು. ಅವನ ಪರವಾಗಿ ಪತ್ತೆ ಮಾಡಲು ನನ್ನನ್ನು ಮೈಸೂರಿನಿಂದ ಕರೆಸಿದ್ದೂ ಅವರು. ದಿನಾ ಮನೆಯಿಂದ ಅವನಿಗೆ ಊಟ ತರುತ್ತಿದ್ದರು.

"ಎಂತ ಉಮಾಮಹೇಶ್ವರರೇ, ಕೊಚ್ಚಿಯಲ್ಲಿ ಎಂತಾದ್ರೂ ಸಿಕ್ಕಿತಾ?"

"ಜೇಡದ ಮೊಟ್ಟೆ ಸಿಕ್ಕಿತು," ಎಂದೆ.

ಪಣಿಕ್ಕರ್ ಕಾರಿನ ಅಡಿಗೆ ಬೆರಳು ತೋರಿಸಿದರು. ಎಂಜಿನ್ನಿನ ಕೆಳಗೆ ಉದ್ದಕ್ಕೂ ಹಳೆಯ ಪತ್ರಿಕೆ ಹಾಸಿತ್ತು. ಒಂದು ತೊಟ್ಟು ನೀರಿನ ಕಲೆಯೂ ಇರಲಿಲ್ಲ.

"ಕಂಡೋ?" ಎಂದರು. "ಬೆಳಗಿನಿಂದ ಓಡುತ್ತಿದೆ. ಇದು ಕುದಿದ ಕಾರೇ? ನಿಮ್ಮವನು ನೀರು ತರಲು ಹೋಗಿದ್ದನಂತೆ. ಯಾರ ಬಾಯಾರಿಕೆಗೆ?"

ನಾನು ರೇಡಿಯೇಟರಿನ ಮೇಲೆ ಕೈ ಇಟ್ಟೆ. ಸ್ನಾನದ ನೀರಿನಷ್ಟೂ ಬಿಸಿ ಇರಲಿಲ್ಲ. ಆಗ ತಲೆಗೆ ಹೊಳೆಯಿತು. ವಾಲ್ವ್ ಇಲ್ಲ. ತಡೆಯಿಲ್ಲದೆ ನೀರು ಸುತ್ತುತ್ತಿದೆ. ನೆರಳಿನಲ್ಲಿ ನಿಂತ ಕಾರು, ಹೊರೆ ಇಲ್ಲ, ಓಟವಿಲ್ಲ. ಸಾಯಂಕಾಲದ ತನಕ ಹೀಗೇ ಓಡಿಸಿದರೂ ಈ ಎಂಜಿನ್ ಕಾಯುವುದಿಲ್ಲ.

"ಒಂದು ಗೋಣಿಚೀಲ ಕೊಡಿಸಿ," ಎಂದೆ.

"ಯಾಕೆ?"

"ರೇಡಿಯೇಟರಿಗೆ ಹೊದಿಸುತ್ತೇನೆ. ಗಾಳಿ ನಿಲ್ಲಬೇಕು."

"ಬೇಕೆಂದೇ ಕುದಿಸಿದರೆ ಯಾವ ಕಾರೂ ಸೋರುತ್ತದೆ ಉಮಾಮಹೇಶ್ವರ."

"ಕುದಿಸುವುದಿಲ್ಲ ಸ್ವಾಮಿ. ರಸ್ತೆಯಲ್ಲಿ ಎಷ್ಟು ಕಾಯುತ್ತದೋ ಅಷ್ಟೇ. ನೀವೇ ಒಳಗೆ ಕೂತು ಬಿಸಿ ತೋರಿಸುವ ಮುಳ್ಳು ನೋಡಿ. ಹೆಚ್ಚಾಯಿತು ಅನ್ನಿಸಿದ ಕ್ಷಣ ಆರಿಸಿ."

ಪಣಿಕ್ಕರ್ ಎದ್ದು ಸ್ಟೀರಿಂಗಿನ ಮುಂದೆ ಕೂತರು. ಕಾನ್‌ಸ್ಟೇಬಲ್ ಒಬ್ಬ ಅಕ್ಕಿಯ ಗೋಣಿ ತಂದ. ಹೊದಿಸಿ ಆಕ್ಸಿಲರೇಟರ್ ಸ್ವಲ್ಪ ಒತ್ತಿ ಹಿಡಿಯಲು ಹೇಳಿದೆ. ನಿತ್ಯಾನಂದ ಹತ್ತಿರ ಬಂದು ಬಗ್ಗಿದರು. ಮುಳ್ಳು ಏರುತ್ತಿದೆ ಎಂದು ಪಣಿಕ್ಕರ್ ಒಳಗಿನಿಂದ ಕೂಗಿ ಹೇಳುತ್ತಿದ್ದರು.

ಮುಳ್ಳು ಅರ್ಧ ದಾಟಿರಬೇಕು. ಮೂತಿಯ ಅಂಚಿನಲ್ಲಿ ಕಪ್ಪಗೆ ಏನೋ ಬೆವರಿದ ಹಾಗಾಯಿತು. ಅದು ಉಬ್ಬಿ ಎಳೆಯಾಗಿ ಇಳಿಯಿತು. ಅದರ ಹಿಂದೆಯೇ ನೀರು. ಮೊದಲು ತೊಟ್ಟು, ಆಮೇಲೆ ಸಣ್ಣ ಧಾರೆ. ಫ್ಯಾನು ಅದನ್ನು ಹಿಡಿದು ಬಾನೆಟ್ಟಿಗೂ ನಿತ್ಯಾನಂದರ ಬಿಳಿ ಅಂಗಿಗೂ ಎರಚಿತು. ಕೆಳಗಿನ ಪತ್ರಿಕೆ ತೊಯ್ದು ಹೋಯಿತು.

"ಆರಿಸಿ," ಎಂದು ಕೂಗಿದೆ. "ಬಂದು ನೋಡಿ. ಒಂದು ತೊಟ್ಟು ಕೇಳಿದಿರಲ್ಲ, ಬಿಂದಿಗೆ ತುಂಬ ಕೊಡುತ್ತೇನೆ ಬನ್ನಿ."

ಪಣಿಕ್ಕರ್ ಇಳಿದು ಬಂದು ನೋಡಿದರು. ಮುಖದಲ್ಲಿ ಏನೂ ಕಾಣಿಸಲಿಲ್ಲ. "ಬಿಚ್ಚಿ," ಎಂದರು.

ಎಂಜಿನ್ ತಣಿದ ಮೇಲೆ ಮೂರು ನಟ್ಟು ಬಿಚ್ಚಿ ಮೂತಿ ಎತ್ತಿದೆ. ಸುಲಭಕ್ಕೆ ಬರಲಿಲ್ಲ. ಬೆಲ್ಲದ ಪಾಕದ ಹಾಗೆ ಎಳೆ ಎಳೆಯಾಗಿ ಅಂಟಿಕೊಂಡು ಬಂತು. ವಾಲ್ವ್ ಇರಲಿಲ್ಲ, ವರ್ಕಿ ಅಷ್ಟು ನಿಜ ಹೇಳಿದ್ದ. ಆದರೆ ಪ್ಯಾಕಿಂಗ್ ಅವನ ಕಂದು ಹಾಳೆಯದ್ದಾಗಿರಲಿಲ್ಲ, ಕಂಪೆನಿಯ ಹಳೆಯದ್ದೂ ಆಗಿರಲಿಲ್ಲ. ಬಿಳಿ ರಟ್ಟು. ಸೀರೆ ಅಂಗಡಿಯವರು ಕೊಡುವ ಪೆಟ್ಟಿಗೆಯದ್ದು. ಮನೆಯ ಕತ್ತರಿಯಲ್ಲಿ ಡೊಂಕುಡೊಂಕಾಗಿ ಕತ್ತರಿಸಿದ್ದು. ಎರಡೂ ಮುಖಕ್ಕೆ ಕಪ್ಪು ಅಂಟು ಬಳಿದಿತ್ತು.

ಮೂಸಿದೆ. ಹುಳಿಹುಳಿ ಹಣ್ಣಿನ ವಾಸನೆ, ಸುಟ್ಟ ವಾಸನೆ.

"ಹಲಸಿನ ಮೇಣ," ಎಂದೆ. ಖುಷಿಯಲ್ಲಿ ನಾಲಿಗೆ ನಿಲ್ಲಲಿಲ್ಲ. "ನಿತ್ಯಾನಂದರೇ, ನಿಮ್ಮ ಕಡೆ ಹೆಂಗಸರು ಹಲಸು ಹೆಚ್ಚುವಾಗ ಕೋಲಿಗೆ ಸುತ್ತಿ ಇಡುತ್ತಾರಲ್ಲ, ತೂತು ಬಿದ್ದ ಕೊಡಪಾನಕ್ಕೆ ಬಿಸಿ ಮಾಡಿ ಹಚ್ಚುವುದಕ್ಕೆ. ಅದೇ ಅಲ್ವೇ ಇದು? ಮೆಕ್ಯಾನಿಕ್ ಕೈಯಿಂದ ಆದ ಕೆಲಸವಲ್ಲ. ಕೊಡಪಾನದಲ್ಲಿ ತಣ್ಣೀರಿರುತ್ತದೆ, ಮೇಣ ನಿಲ್ಲುತ್ತದೆ. ಎಂಜಿನ್ನಿಗೆ ಹಚ್ಚಿದರೆ ಕಾದ ಕೂಡಲೇ ಕರಗುತ್ತದೆ. ಅಡಿಗೆಮನೆಯಲ್ಲಿ ರಿಪೇರಿಯಾಗಿದೆ ಈ ಕಾರು."

ನಿತ್ಯಾನಂದ ಅಂಗಿಯ ಮೇಲಿನ ಕಲೆಯನ್ನು ಕರ್ಚೀಫಿನಿಂದ ತಿಕ್ಕುತ್ತಿದ್ದರು. "ಹೌದು, ಅದೇ," ಎಂದರು ಮೆಲ್ಲಗೆ.

"ನಮ್ಮ ಮನೆಯಲ್ಲೂ ಇದೆ," ಎಂದರು ಪಣಿಕ್ಕರ್. ರಟ್ಟನ್ನು ನನ್ನ ಕೈಯಿಂದ ತೆಗೆದುಕೊಂಡು ಬಿಸಿಲಿಗೆ ಹಿಡಿದರು. "ಸರಿ. ಸೋರುತ್ತಿತ್ತು ಎಂದು ಒಪ್ಪಿದೆ. ಈಗ ನೀವು ಹೇಳಿ. ಯಾವಾಗ ಹಚ್ಚಿದರು ಇದನ್ನು?"

ನಾನು ರಟ್ಟಿಗೆ ಕೈ ಚಾಚಿದೆ. ಅವರು ಕೊಡಲಿಲ್ಲ.

"ತೋಟ್ಟಪ್ಪಳ್ಳಿಯಿಂದ ಅಲ್ಲಲ್ಲಿ ನೀರು ತುಂಬಿಸಿಕೊಂಡು ನೇರವಾಗಿ ಕಚೇರಿಯ ಶೆಡ್ಡಿಗೆ ಬಂದೆ, ಎಲ್ಲೂ ನಿಲ್ಲಲಿಲ್ಲ, ಯಾರನ್ನೂ ನೋಡಲಿಲ್ಲ ಎಂದು ನಿಮ್ಮ ಗಣಪತಿ ಹೇಳಿದ್ದಾನೆ. ಶೆಡ್ಡಿಗೆ ಬಂದ ಮೇಲೆ ಆ ಕಾರನ್ನು ಯಾರೂ ಮುಟ್ಟಿಲ್ಲ ಎಂದು ಕಾವಲುಗಾರ ಹೇಳುತ್ತಾನೆ. ಹಾಗಾದರೆ ನಡುವೆ ಮನೆಗೆ ಹೋಗಿದ್ದಾನೆ. ಸಾಹೇಬ ಕಾಣೆಯಾಗಿದ್ದಾನೆ, ಇವನು ಒಲೆಯ ಮುಂದೆ ಕೂತು ಮೇಣ ಕರಗಿಸಿದ್ದಾನೆ. ರಟ್ಟು ಕತ್ತರಿಸಿದ್ದಾನೆ. ಅದನ್ನು ನಮ್ಮಿಂದ ಮುಚ್ಚಿಟ್ಟಿದ್ದಾನೆ. ಇಷ್ಟು ದಿನ ನನ್ನ ಹತ್ತಿರ ಅನುಮಾನ ಮಾತ್ರ ಇತ್ತು. ಸುಳ್ಳಿಗೆ ಸಾಕ್ಷಿ ಇವತ್ತು ನೀವು ಕೊಟ್ಟಿರಿ."

ಪತ್ರಿಕೆಯ ಮೇಲೆ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಸ್ಪ್ಯಾನರನ್ನು ಎತ್ತಿ ಬಾದಾಮಿ ಮರಕ್ಕೆ ಎಸೆದೆ. ಕಾಗೆಗಳು ಹಾರಿದವು. ಅಷ್ಟೇ ಆದದ್ದು.

"ಇನ್ನೊಂದು," ಎಂದರು ಪಣಿಕ್ಕರ್. "ಈ ಕತ್ತರಿ ಕೆಲಸ ಗಂಡಸಿನದ್ದಲ್ಲ. ಸಾಕ್ಷ್ಯ ಮುಚ್ಚಿದವರೂ ಆರೋಪಿಯೇ. ಅವನ ಹೆಂಡತಿಯನ್ನು ನಾನು ಕರೆಸಬೇಕಾಗುತ್ತದೆ."

"ನನಗೆ ಸ್ವಲ್ಪ ಹೊತ್ತು ಕೊಡಿ. ಮೊದಲು ನಾನು ಮಾತಾಡುತ್ತೇನೆ."

"ಊಟ ಮುಗಿಸಿ ಬರುವಷ್ಟು ಹೊತ್ತು," ಎಂದರು.

ನಿತ್ಯಾನಂದ ಟಿಫಿನ್ ಕ್ಯಾರಿಯರ್ ಎತ್ತಿಕೊಂಡರು. "ಪಾಪದವ. ನಾನು ಅವನಿಗೆ ಊಟ ಕೊಟ್ಟು ಹೋಗ್ತೇನೆ," ಎಂದು ಲಾಕಪ್ಪಿನ ಕಡೆ ನಡೆದರು.

ಚಾಲೈ ಪೇಟೆಯ ಹಿಂದೆ, ಕೊಪ್ಪರದ ಗೋದಾಮುಗಳ ನಡುವೆ ಒಂದು ಓಣಿ. ಅದರ ಕೊನೆಯ ಮನೆ ಗಣಪತಿಯದ್ದು. ಅವನ ಹೆಂಡತಿ ಸರೋಜ ಬಾಗಿಲಲ್ಲೇ ನಿಂತಿದ್ದಳು. ಪರೀಕ್ಷೆ ಇವತ್ತು ಎಂದು ಅವಳಿಗೆ ಗೊತ್ತಿತ್ತು.

"ಅಣ್ಣಾ, ನೀರು ಬಂತಾ?" ಎಂದು ಕೇಳಿದಳು.

ಆ ಪ್ರಶ್ನೆಗೆ ನನ್ನ ಪಿತ್ತ ನೆತ್ತಿಗೇರಿತು.

"ಬಂತು. ನೀರಿಗಿಂತ ಮೊದಲು ನಿನ್ನ ಹಲಸಿನ ಮೇಣ ಬಂತು. ಕೋಲು ಎಲ್ಲಿಟ್ಟಿದ್ದೀಯ, ತೆಗಿ."

ಅವಳು ಒಳಗೆ ಹೋದಳು. ಒಲೆಯ ಮೇಲಿನ ನೆಲುವಿನಿಂದ ಕೋಲನ್ನು ತೆಗೆದು ತಂದು ನನ್ನ ಕೈಗೆ ಕೊಟ್ಟಳು. ಅರ್ಧ ಮೇಣ ಹೋಗಿತ್ತು. ಅಡಗಿಸಬೇಕು ಎಂಬ ಬುದ್ಧಿಯೂ ಇರಲಿಲ್ಲ ಅವಳಿಗೆ.

"ಯಾರು ಹಚ್ಚಿದ್ದು?"

"ನಾನೇ. ಅವ್ರು ಬೋಲ್ಟು ಬಿಚ್ಚಿ ಕೊಟ್ರು. ರಟ್ಟು ಕತ್ತರಿಸಿದ್ದು, ಮಯಣ ಕಾಯಿಸಿ ಬಳಿದದ್ದು ಎಲ್ಲ ನಾನು. ಊರಲ್ಲಿ ನಮ್ಮ ತಾಮ್ರದ ಹಂಡೆಗೆ ಹಚ್ಚಿದ್ದು ಇವತ್ತಿಗೂ ಬಿಟ್ಟಿಲ್ಲ."

"ಹಂಡೆಗೂ ಕಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲವೇನಮ್ಮ ನಿನಗೆ?"

"ನಂಗೆ ಹೇಗೆ ಗೊತ್ತಾಗ್ಬೇಕು ಅಣ್ಣ? ನಾನು ಆ ಕಾರಿನ ಒಳಗೆ ಕೂತದ್ದೇ ಇಲ್ಲ."

ನಾನು ಹೊಸ್ತಿಲ ಮೇಲೆ ಕೂತೆ. "ಮೊದಲಿಂದ ಹೇಳು. ಒಂದು ಸುಳ್ಳು ಬಂದರೆ ಎದ್ದು ಮೈಸೂರಿಗೆ ಹೋಗುತ್ತೇನೆ."

"ಅವ್ರು ಬಂದದ್ದು ಬೆಳಕು ಹರಿಯುವ ಮೊದ್ಲು. ಇವತ್ತಿಗೆ ನನ್ನ ಕೆಲಸ ಹೋಯ್ತು ಸರೋಜ ಅಂದ್ರು. ಸಾಹೇಬ್ರಿಗೂ ಅವ್ರಿಗೂ ದಾರಿಯಲ್ಲಿ ಮಾತಾಗಿತ್ತಂತೆ. ಕಾರು ಇಟ್ಟುಕೊಳ್ಳುವ ರೀತಿಯಾ ಇದು, ನಿನ್ನ ಮೇಲೆ ಬರೆದು ಹಾಕ್ತೇನೆ ಅಂತ ಬೈದಿದ್ರಂತೆ. ನೀರು ತಂದು ನೋಡಿದ್ರೆ ಇಲ್ಲ. ಸಿಟ್ಟಲ್ಲಿ ಬಸ್ಸು ಹತ್ತಿ ಹೋದ್ರು ಅಂತ ಇವ್ರು ಅಂದುಕೊಂಡ್ರು."

"ಅದಕ್ಕೆ?"

"ಸಾಹೇಬ್ರು ಆಫೀಸಿಗೆ ಬಂದು ದೂರು ಕೊಡ್ತಾರಲ್ಲ. ಆಗ ಕಾರು ಸೋರ್ಬಾರ್ದು. ಎಲ್ಲಿ ಸೋರ್ತದೆ, ನೋಡಿ ಸ್ವಾಮಿ, ಒಂದು ತೊಟ್ಟಿಲ್ಲ ಅಂತ ತೋರಿಸ್ಬೇಕು. ಇವ್ರಿಗೆ ಮೆಮೋ ಕೊಟ್ಟು ಆಗಿತ್ತು ಅಣ್ಣ, ಮತ್ತೊಮ್ಮೆ ಆದ್ರೆ ಮನೆಗೆ ಅಂತ. ನಾವು ಸಾಹೇಬ್ರನ್ನು ಸುಳ್ಳುಗಾರ ಮಾಡ್ಲಿಕ್ಕೆ ಹೋದದ್ದು."

ಸತ್ತವನನ್ನು ಸುಳ್ಳುಗಾರನನ್ನಾಗಿ ಮಾಡಲು ಹೋಗಿ ಬದುಕಿದ್ದವನ ಕುತ್ತಿಗೆಗೆ ಹಗ್ಗ ನೇಯ್ದಿದ್ದರು ಇಬ್ಬರೂ, ಬೆಳಗಿನ ಜಾವ ಒಲೆಯ ಮುಂದೆ ಕೂತು. ನನಗೆ ಬೈಯಲೂ ಮನಸ್ಸು ಬರಲಿಲ್ಲ.

"ಹೆಣ ಸಿಕ್ಕಿದ ಮೇಲಾದರೂ ಹೇಳಬೇಕಿತ್ತಲ್ಲಮ್ಮ. ಪೋಲೀಸರು ಕಾರು ಸೋರುವುದಿಲ್ಲ ಎಂದಾಗ, ನಾವೇ ಮುಚ್ಚಿದೆವು ಅನ್ನಲಿಕ್ಕೆ ಏನಾಗಿತ್ತು?"

"ಹೇಳ್ಬಾರ್ದು ಅಂತ ಮಾತಾಗಿತ್ತು."

"ಯಾರ ಮಾತು?"

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಸರೋಜ, ಯಾರ ಮಾತು?"

"ನಿತ್ಯಾನಂದ ಸಾರ್ದು. ಅವ್ರು ಮನೆಗೇ ಬಂದಿದ್ರು. ನಾನು ಚಾ ಮಾಡಿ ಕೊಟ್ಟೆ. ಗಣಪತಿ, ಕಾರು ಮನೆಗೆ ಬಂದದ್ದು, ನೀವು ರಿಪೇರಿ ಮಾಡಿದ್ದು, ಎಲ್ಲ ಮರೆತುಬಿಡಿ. ಪೋಲೀಸ್ನವ್ರು ಕೇಳಿದ್ರೆ ನೇರ ಶೆಡ್ಡಿಗೆ ಬಂದೆ ಅಂತ ಮಾತ್ರ ಹೇಳು. ಹೆಂಡತಿ ಹೆಸ್ರು ಬರ್ಬಾರ್ದು. ಉಳಿದದ್ದು ನಾನು ನೋಡಿಕೊಳ್ತೇನೆ ಅಂದ್ರು. ನಮ್ಮವ್ರು ಅಲ್ವಾ ಅಣ್ಣ. ನಮ್ಮ ಒಳ್ಳೇದಕ್ಕೆ ಹೇಳಿದ್ದು."

"ಯಾವತ್ತು ಬಂದರು?"

"ಇವ್ರು ಬಂದ ದಿನವೇ ಸಂಜೆ."

ನನ್ನ ಕೈಯಲ್ಲಿದ್ದ ಕೋಲು ಕೆಳಗೆ ಬಿತ್ತು.

ಆ ಸಂಜೆ ಶ್ರೀಕಂಠ ಸತ್ತಿದ್ದಾರೆಂದು ಯಾರಿಗೂ ಗೊತ್ತಿರಲಿಲ್ಲ. ಕೊಲ್ಲಂನಲ್ಲಿ ಅಕ್ಕನ ಮನೆಯಲ್ಲಿ ಇಳಿದಿರಬೇಕು ಎಂದು ಅವರ ಮನೆಯವರೂ ಕಚೇರಿಯವರೂ ಸುಮ್ಮನಿದ್ದ ದಿನ ಅದು. ಕಾಲುವೆಯಲ್ಲಿ ಹೆಣ ಸಿಕ್ಕಿದ್ದು ಮಾರನೆಯ ದಿನ. ಪೋಲೀಸರಿಗೆ ದೂರು ಹೋದದ್ದು ಅದಾದ ಮೇಲೆ.

"ಪೋಲೀಸರು ಕೇಳಿದರೆ ಅಂತ ಅವತ್ತೇ ಹೇಳಿದರಾ? ಪೋಲೀಸು ಅನ್ನುವ ಮಾತು ಅವತ್ತೇ ಬಂತಾ ಅವರ ಬಾಯಲ್ಲಿ? ನೆನಪು ಮಾಡಿಕೊಂಡು ಹೇಳು."

"ಹೌದು. ಪೋಲೀಸ್ನವ್ರು ಯಾಕೆ ಸಾರ್ ಕೇಳ್ತಾರೆ ಅಂತ ಇವ್ರೇ ಕೇಳಿದ್ರು. ಏನಿಲ್ಲ, ಒಂದು ಮಾತಿಗೆ ಅಂದ್ರು."

"ಕಾರು ಮನೆಗೆ ಬಂದಿತ್ತು ಅಂತ ಅವರಿಗೆ ಯಾರು ಹೇಳಿದರು? ಗಣಪತಿಯಾ?"

"ಇಲ್ಲ. ಅವ್ರಿಗೆ ಗೊತ್ತಿತ್ತು." ಅವಳು ಅಲ್ಲಿಗೆ ನಿಂತಳು. ನನ್ನ ಮುಖ ನೋಡಿದಳು. ನಾನು ಯಾವ ಕಡೆ ಹೋಗುತ್ತಿದ್ದೇನೆ ಎಂದು ಅವಳಿಗೂ ಕಂಡಿತು. "ಬೇಡ ಅಣ್ಣಾ. ಹಾಗೆಲ್ಲ ಯೋಚಿಸ್ಬೇಡಿ. ದೀಪಾವಳಿಗೆ ಅವ್ರ ಮನೆಯಲ್ಲೇ ನಾವು ಊಟ ಮಾಡಿದ್ದು. ಅವ್ರ ಹೆಂಡತಿ ದಾಕ್ಷಾಯಣಿ ಅಕ್ಕ ನಂಗೆ ಸೀರೆ ಕೊಟ್ಟಿದ್ರು."

ರಸ್ತೆಯಲ್ಲಿ ಗಣಪತಿಯ ಕಾರಿನ ಹಿಂದೆ ಬಂದವನಿಗೆ ಮಾತ್ರ ಅದು ಮನೆಗೆ ಹೋದದ್ದು ಗೊತ್ತಿರಲು ಸಾಧ್ಯ. ತೋಟ್ಟಪ್ಪಳ್ಳಿಯಿಂದಲೇ ಹಿಂದೆ ಬಂದವನಿಗೆ. ಆ ನಿತ್ಯಾನಂದನ ಮನೆಯ ಸಾರನ್ನೇ ನಾನೂ ಉಂಡಿದ್ದೆ. ಅವನ ಮುಂದೆಯೇ ನಿಂತು ಒಂದು ಗಂಟೆಯ ಹಿಂದೆ ಹಲಸಿನ ಮೇಣ ಎಂದು ಕುಣಿದಿದ್ದೆ.

ಸರೋಜಳನ್ನು ಕೂಡಲೇ ಠಾಣೆಗೆ ಕರೆದುಕೊಂಡು ಹೋಗಬೇಕು ಅನ್ನಿಸಿತು. ಆದರೆ ಅಲ್ಲಿನ ಹೊಸ್ತಿಲು ದಾಟಿದ ಕೂಡಲೇ ಪಣಿಕ್ಕರ್ ಅವಳನ್ನು ಹಿಡಿದು ಕೂರಿಸುತ್ತಾರೆ. ಮೊದಲು ಅವರ ಹತ್ತಿರ ನಾನು ಮಾತಾಡಬೇಕು. ಈ ಹೆಂಗಸು ಆರೋಪಿಯಲ್ಲ, ಸಾಕ್ಷಿ ಎಂದು ಒಪ್ಪಿಸಬೇಕು.

"ಈಗ ನನಗೆ ಹೇಳಿದ್ದನ್ನು ಇನ್ಸ್‌ಪೆಕ್ಟರಿಗೆ ಹೇಳುತ್ತೀಯಾ?"

"ಹೇಳಿದ್ರೆ ಇವ್ರು ಬದುಕ್ತಾರಾ?"

"ಬದುಕುವುದಾದರೆ ಇದರಿಂದ ಮಾತ್ರ."

ಅವಳು ಬಿದ್ದ ಕೋಲನ್ನು ಎತ್ತಿಕೊಂಡಳು. "ಹೇಳ್ತೇನೆ," ಅಂದಳು.

"ಬಾಗಿಲು ಹಾಕಿಕೋ. ಪೋಲೀಸರು ಬಂದರೂ ತೆಗೆಯಬೇಡ. ನಾನೇ ಬಂದು ಕರೆದುಕೊಂಡು ಹೋಗುತ್ತೇನೆ," ಎಂದು ಹೇಳಿ ಓಡಿದೆ.

ಚಾಲೈಯಲ್ಲಿ ಮಧ್ಯಾಹ್ನದ ಮಾಲು ಇಳಿಯುವ ಹೊತ್ತು. ಬಾಳೆಗೊನೆಯ ಕೈಗಾಡಿಗಳು ರಸ್ತೆಗೆ ಅಡ್ಡ ನಿಂತಿದ್ದವು. ಎದುರಿನಿಂದ ಒಂದು ಕಾರು ಹಾರನ್ ಹೊಡೆಯುತ್ತ ಅವುಗಳ ನಡುವೆ ದಾರಿ ಕೇಳುತ್ತಿತ್ತು. ನಾನು ಗಾಡಿಯವರನ್ನು ಬೈಯುತ್ತ ಸಂದಿಯಲ್ಲಿ ನುಗ್ಗಿದೆ. ಕಾರಿನಲ್ಲಿ ಯಾರಿದ್ದಾರೆ ಎಂದು ತಿರುಗಿಯೂ ನೋಡಲಿಲ್ಲ.

ಠಾಣೆಯ ಮುಂದೆ ಜೀಪು ಸ್ಟಾರ್ಟ್ ಮಾಡಿಕೊಂಡು ನಿಂತಿತ್ತು. ಹಿಂದಿನ ಸೀಟಿನಲ್ಲಿ ಇಬ್ಬರು ಕಾನ್‌ಸ್ಟೇಬಲ್‌ಗಳ ನಡುವೆ ಗಣಪತಿ. ತಲೆ ಬಾಚಿಕೊಂಡಿದ್ದ. ಒಗೆದ ಅಂಗಿ ಹಾಕಿಕೊಂಡಿದ್ದ.

ಪಣಿಕ್ಕರ್ ಟೋಪಿ ಸರಿಮಾಡಿಕೊಳ್ಳುತ್ತ ಮೆಟ್ಟಿಲಿಳಿದರು. "ನಿಮ್ಮ ಕೆಲಸ ಮುಗಿಯಿತು ಉಮಾಮಹೇಶ್ವರ. ಒಪ್ಪಿಕೊಂಡ."

"ಏನಂತ?"

"ಕೊಂದೆ ಅಂತ. ಮ್ಯಾಜಿಸ್ಟ್ರೇಟರ ಮುಂದೆ ಹೇಳುತ್ತೇನೆ, ಈಗಲೇ ಕರೆದುಕೊಂಡು ಹೋಗಿ ಅಂತ ತಾನಾಗಿ ಕೇಳಿದ. ನಾನು ಬೆರಳೂ ಮುಟ್ಟಿಸಿಲ್ಲ."

"ನಿತ್ಯಾನಂದ ಅವನ ಹತ್ತಿರ ಎಷ್ಟು ಹೊತ್ತು ಇದ್ದರು?"

"ಊಟ ಮಾಡಿಸುವಷ್ಟು ಹೊತ್ತು."

ಸರೋಜ ಹೇಳಿದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಹೆಣ ಸಿಗುವ ಮೊದಲೇ ಬಂದದ್ದು, ಪೋಲೀಸರ ಮಾತೆತ್ತಿದ್ದು, ಕಾರು ಮನೆಗೆ ಬಂದದ್ದು ಗೊತ್ತಿದ್ದದ್ದು. ಪಣಿಕ್ಕರ್ ಅಡ್ಡ ಬಾಯಿ ಹಾಕದೆ ಕೇಳಿದರು.

"ನಿತ್ಯಾನಂದನಿಗೆ ಶ್ರೀಕಂಠರನ್ನು ಕೊಲ್ಲಲು ಕಾರಣ?"

"ಗೊತ್ತಿಲ್ಲ."

"ಆ ಹೆಂಗಸು ನನ್ನ ಮುಂದೆ ಇದನ್ನು ಹೇಳುತ್ತಾಳೋ?"

"ಹೇಳುತ್ತಾಳೆ. ಬಾಯಿ ಬಿಟ್ಟು ಒಪ್ಪಿದ್ದಾಳೆ."

"ಹಾಗಾದರೆ ಕರೆದುಕೊಂಡು ಬನ್ನಿ. ಅವಳು ಹೇಳಿದರೆ ಈ ಸಂಜೆಯೇ ನಿತ್ಯಾನಂದನನ್ನು ಇದೇ ಕುರ್ಚಿಯಲ್ಲಿ ಕೂರಿಸುತ್ತೇನೆ. ಆದರೆ ಇವನು ಮ್ಯಾಜಿಸ್ಟ್ರೇಟರ ಮುಂದೆ ಹೇಳಿಬಿಟ್ಟರೆ ಆಮೇಲೆ ನಾನೂ ಇಲ್ಲ, ನೀವೂ ಇಲ್ಲ. ಇವನ ಬಾಯಿ ನಿಲ್ಲಿಸುವುದು ನಿಮ್ಮ ಕೆಲಸ."

ಜೀಪಿನ ಹಿಂದಕ್ಕೆ ಹೋಗಿ ಕಂಬಿ ಹಿಡಿದುಕೊಂಡೆ.

"ಗಣಪತಿ, ಇಳಿ. ಸರೋಜ ಎಲ್ಲ ಹೇಳಿದ್ದಾಳೆ. ಇನ್ಸ್‌ಪೆಕ್ಟರ್ ಕೇಳುವುದಕ್ಕೆ ತಯಾರಿದ್ದಾರೆ. ನೀನು ಕೊಂದಿಲ್ಲ. ಯಾರು ಕೊಂದಿರಬಹುದು ಅಂತ ನನಗೆ ಗೊತ್ತಾಗಿದೆ ಕಣಯ್ಯ."

ಅವನು ನನ್ನನ್ನು ನೋಡಿದ. ಆಶ್ಚರ್ಯ ಇರಲಿಲ್ಲ ಆ ಕಣ್ಣಿನಲ್ಲಿ. ನನಗಿಂತ ಮೊದಲೇ, ಬಹುಶಃ ಊಟದ ಎಲೆಯ ಮುಂದೆ, ಅವನಿಗೂ ಅದು ಗೊತ್ತಾಗಿತ್ತು.

"ಅವಳು ಹೇಳುದಿಲ್ಲ ಅಣ್ಣ," ಎಂದ.

"ಹೇಳುತ್ತಾಳೆ. ಈಗ ತಾನೇ ನನ್ನ ಹತ್ತಿರ..."

"ಅವಳನ್ನು ಕರ್ಕೊಂಡು ಹೋಗ್ಲಿಕ್ಕೆ ನಿತ್ಯಾನಂದ ಸಾರ್ ಕಾರು ಕಳಿಸಿ ಆಯ್ತು. ದಾಕ್ಷಾಯಣಿ ಅಕ್ಕನೇ ಹೋಗಿದ್ದಾರೆ. ಪೋಲೀಸ್ನವ್ರು ಹಿಡಿಯುವ ಮೊದ್ಲು ನಮ್ಮ ಮನೆಗೆ ಬಾ ಅಂತ ಕರೀತಾರೆ. ಅವಳು ಹೋಗ್ತಾಳೆ." ಅವನು ಒಮ್ಮೆ ಡ್ರೈವರನ ಕಡೆ ನೋಡಿದ. "ನಾನು ಕೋರ್ಟಿನಲ್ಲಿ ಹೇಳಿದ ಮೇಲೆ ಅವಳನ್ನು ಊರಿನ ರೈಲು ಹತ್ತಿಸ್ತೇನೆ ಅಂದಿದ್ದಾರೆ. ಹೇಳಿದ ಮೇಲೆ. ಗೊತ್ತಾಯ್ತಲ್ಲ ನಿಮಗೆ."

ಡ್ರೈವರ್ ಗೇರು ಹಾಕಿದ. ನಾನು ಕಂಬಿ ಬಿಡಲಿಲ್ಲ. ಗಣಪತಿ ಕೋಳ ಹಾಕಿದ ಎರಡೂ ಕೈಯನ್ನು ಎತ್ತಿ ನನ್ನ ಬೆರಳುಗಳನ್ನು ಒಂದೊಂದಾಗಿ ಕಂಬಿಯಿಂದ ಬಿಡಿಸಿದ.

"ನೀವು ಹುಡುಕಿದ್ದು ಸಾಕು ಅಣ್ಣ," ಎಂದ. "ಕಾಲಿಗೆ ಬೀಳ್ತೇನೆ. ಇನ್ನು ಎಂತದ್ದೂ ಹುಡುಕ್ಬೇಡಿ."